ಯಂತ್ರ ಬದಲಿಸಿದರೆ ನಿಧಿ ಸಿಕ್ಕೀತೆ?

"ಯಾವ ಮಷಿನ್ ಚಲೋರಿ? ಹಳೇದು ಒಂದು ಗೇಣು ಆಳದ್ದಷ್ಟೇ ಹೇಳ್ತದ. ಹೊಸಾದು ತಗೊಂಡ್ರ ಆಳಕ್ಕ ಹೋಗ್ತದಂತ, ಖರೇನ?"

ಗಜೇಂದ್ರಗಡದ ಚಹಾದಂಗಡಿಯಲ್ಲಾಗಲಿ, ರೋಣದ ಬಸ್ಸಿಗೆ ಕಾಯುವ ಕಟ್ಟೆಯ ಮೇಲಾಗಲಿ ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನಿಧಿಯ ಮಾತು ನಮ್ಮ ಸೀಮೆಗೆ ಹೊಸತಲ್ಲ. ಮೊದಲು ಜನ ಅಂಜನ ಹಾಕುವವನನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವನು ವೀಳ್ಯದೆಲೆಗೆ ಕಾಡಿಗೆ ಸವರಿ, "ಹುಣಸಿ ಗಿಡದ ಮೂಡಣಕ್ಕ ಕೊಪ್ಪರಿಗಿ ಐತಿ, ಮ್ಯಾಲೆ ಹಾವು ಕುಂತೈತಿ" ಎಂದು ಹೇಳಿ, ದಕ್ಷಿಣೆ ಇಸಿದುಕೊಂಡು ದಾರಿ ಹಿಡಿಯುತ್ತಿದ್ದ. ಈಗ ಎಲೆಯ ಬದಲು ಬ್ಯಾಟರಿ ಹಾಕಿದ ಕೋಲು ಬಂದಿದೆ. ಅದರ ಹೆಸರು ಮೆಟಲ್ ಡಿಟೆಕ್ಟರ್. ಒಮ್ಮೆ ಕೊಂಡವನಿಗೆ ಎರಡನೆಯದರ ಮೇಲೆ ಕಣ್ಣು. ಮೊದಲನೆಯದರಲ್ಲಿ ನಿಧಿ ಸಿಗಲಿಲ್ಲವೆಂದರೆ ತಪ್ಪು ಯಂತ್ರದ್ದು, ಇನ್ನೂ ದೊಡ್ಡದು ತಂದರೆ ಹಣೆಬರಹ ತೆರೆದೀತು ಎಂಬ ಲೆಕ್ಕ.

ಯಂತ್ರ ಬೇಡ ಎಂದು ಉಪದೇಶ ಮಾಡಲು ಈ ಅಂಕಣ ಹೊರಟಿಲ್ಲ. ಆದರೆ ರೊಕ್ಕ ಹಾಕುವ ಮೊದಲು ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿ, ಅದನ್ನು ಹಿಡಿದು ನಾವು ಯಾರ ಜಾಗದಲ್ಲಿ ನಿಲ್ಲುತ್ತಿದ್ದೇವೆ ಎಂಬುದನ್ನೂ ಕೇಳಿಕೊಳ್ಳಬೇಕು.

ಯಂತ್ರ ಹೇಳುವುದು ಒಂದೇ ಮಾತು

ಕೋಲಿನ ತುದಿಯ ತಟ್ಟೆಯಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಕರೆಂಟು ಹರಿದಾಗ ನೆಲದೊಳಗೆ ಕಾಂತಶಕ್ತಿ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಆ ಲೋಹದಲ್ಲಿಯೂ ಸಣ್ಣ ಕರೆಂಟು ಹುಟ್ಟಿ ಮೇಲಕ್ಕೆ ಸೂಚನೆ ಕೊಡುತ್ತದೆ, ಯಂತ್ರ ಕುಂಯ್ ಎನ್ನುತ್ತದೆ. ಇದರೊಳಗೆ ದೇವರೂ ಇಲ್ಲ, ದೆವ್ವವೂ ಇಲ್ಲ. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಸಾಹೇಬ 1881ರಲ್ಲಿಯೇ ಇಂಥದೊಂದು ಯಂತ್ರ ಮಾಡಿದ್ದ. ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯೊಳಗಿನ ಗುಂಡು ಹುಡುಕಬೇಕಾಗಿತ್ತು. ಮಂಚದ ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಯಂತ್ರವನ್ನು ದಾರಿ ತಪ್ಪಿಸಿದವು. ಗುಂಡು ಸಿಗಲಿಲ್ಲ, ಅಧ್ಯಕ್ಷ ಉಳಿಯಲಿಲ್ಲ. ಬೆಲ್ಲನಂಥವನಿಗೇ ಆದ ಪಾಡು ಇದು. ನಮ್ಮ ಹೊಲದಲ್ಲಿ ಮುರಿದ ಕುಂಟೆಯ ಕುಡ, ಎತ್ತಿನ ಲಾಳ, ಟ್ರ್ಯಾಕ್ಟರಿನ ಬೋಲ್ಟು, ಸೋಡಾ ಬಾಟಲಿಯ ಮುಚ್ಚಳ ಎಷ್ಟು ಬಿದ್ದಿವೆ ಎಂದು ಲೆಕ್ಕ ಇಟ್ಟವರು ಯಾರು?

ಇಂದಿನ ಯಂತ್ರಗಳು ಕಬ್ಬಿಣ ಯಾವುದು, ಬೇರೆ ಲೋಹ ಯಾವುದು ಎಂದು ಒಂದು ಮಟ್ಟಿಗೆ ಬೇರ್ಪಡಿಸುತ್ತವೆ. ಅಂಗಡಿಯವನು ಹೇಳದ ಮಾತು ಇನ್ನೊಂದಿದೆ. ಸಣ್ಣ ಬಂಗಾರದ ಉಂಗುರವೂ, ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕಿವಿಯೂ ಯಂತ್ರಕ್ಕೆ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಅಲ್ಯೂಮಿನಿಯಂ ಬೇಡವೆಂದು ಗುಂಡಿ ತಿರುವಿದರೆ ಅದರ ಜೊತೆ ಬಂಗಾರವೂ ತಪ್ಪಿಹೋಗಬಹುದು. "ಬರೇ ಬಂಗಾರ ಅಷ್ಟೇ ಹುಡುಕ್ತದ" ಎಂದು ಯಾರಾದರೂ ಹೇಳಿದರೆ ಆತ ಮಾರಲು ಬಂದವನು ಎಂದು ತಿಳಿಯಿರಿ.

ಇನ್ನು ಆಳದ ಮಾತು. ಒಂದು ನಾಣ್ಯ ಒಂದು ಗೇಣು ಆಳದಲ್ಲಿದ್ದರೆ ಒಳ್ಳೆಯ ಯಂತ್ರ ಹೇಳೀತು, ಅದಕ್ಕಿಂತ ಸ್ವಲ್ಪ ಕೆಳಗಿದ್ದರೂ ಹೇಳೀತು. ಲೋಹದ ದೊಡ್ಡ ಹಂಡೆಯಾದರೆ ಇನ್ನೂ ಒಂದೆರಡು ಅಡಿ ಕೆಳಗೆ ತಿಳಿದೀತು. ತಟ್ಟೆ ದೊಡ್ಡದಾದರೆ ದೊಡ್ಡ ವಸ್ತು ಆಳದಲ್ಲಿ ಸಿಗುತ್ತದೆ, ಸಣ್ಣ ವಸ್ತು ತಪ್ಪಿಹೋಗುತ್ತದೆ. ತಟ್ಟೆ ಚಿಕ್ಕದಾದರೆ ಇದರ ಉಲ್ಟಾ. ದುಡ್ಡು ಎರಡು ಪಟ್ಟು ಕೊಟ್ಟ ಮಾತ್ರಕ್ಕೆ ಆಳ ಎರಡು ಪಟ್ಟಾಗುವುದಿಲ್ಲ. ಹೆಚ್ಚು ದುಡ್ಡಿನ ಯಂತ್ರ ಕೊಡುವುದು ಬೇರೆ ಅನುಕೂಲ. ಒಂದೇ ಸಲ ಹಲವು ಕಂಪನಗಳಲ್ಲಿ ಕೆಲಸ ಮಾಡುತ್ತದೆ, ನೆಲದ ಗುಣಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತದೆ, ಸುಳ್ಳು ಸದ್ದು ಕಡಿಮೆ ಮಾಡುತ್ತದೆ.

ಆ ನೆಲದ ಗುಣವೂ ಸಣ್ಣ ಸಂಗತಿಯಲ್ಲ. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಮಣ್ಣೇ ಲೋಹದಂತೆ ಸದ್ದು ಮಾಡಿಸುತ್ತದೆ. ಹಸಿ ಎರೆ ಮಣ್ಣಿನ ರೀತಿ ಬೇರೆ, ಒಣಗಿ ಬಿರಿದ ಎರೆಯ ರೀತಿ ಬೇರೆ. ವಿದ್ಯುತ್ ತಂತಿಗಳ ಸಮೀಪ ನಿಂತರೆ ಯಂತ್ರ ಸುಮ್ಮಸುಮ್ಮನೆ ಚೀರುವುದೂ ಉಂಟು. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳೂ ಅವುಗಳ ತಂತಿಗಳೂ ಎಷ್ಟಿವೆ ಎಂದು ಗಜೇಂದ್ರಗಡದವರಿಗೆ ಹೇಳಬೇಕೆ?

ಹಾಗಾದರೆ ಯಾರು ಕೊಳ್ಳಬೇಕು? ಹೊಲದಲ್ಲಿ ಕಳೆದ ಬೆಂಡೋಲಿ ಹುಡುಕಬೇಕಾದವರು ಕೊಳ್ಳಲಿ. ಮಣ್ಣಲ್ಲಿ ಹೂತುಹೋದ ನೀರಿನ ಪೈಪಿನ ಗುರುತು ಬೇಕಾದವರು, ರಾಶಿಯ ಯಂತ್ರಕ್ಕೆ ಕಬ್ಬಿಣದ ಚೂರು ಸಿಕ್ಕಿ ಹಲ್ಲು ಮುರಿಯದಿರಲಿ ಎನ್ನುವವರು ಕೊಳ್ಳಲಿ. ಅಂಥವರಿಗೆ ಸಾಧಾರಣ ಯಂತ್ರವೇ ಧಾರಾಳ ಸಾಕು. ಇರುವ ಯಂತ್ರದ ಬಳಕೆ ಚೆನ್ನಾಗಿ ಕಲಿತರೆ ಹೊಸದರ ಅರ್ಧ ಖರ್ಚು ಉಳಿಯುತ್ತದೆ.

ಐವತ್ತು ಅಡಿಯ ಸುಳ್ಳು

"ಐವತ್ತು ಅಡಿ ಕೆಳಗಿನ ಬಂಗಾರ ಟಿ.ವಿ. ಪರದೆಯ ಮೇಲೆ ಬಣ್ಣದಾಗ ಕಾಣ್ತದ", "ಅರ್ಧ ಮೈಲು ದೂರದಿಂದ ಕಡ್ಡಿ ತಿರುಗಿ ದಿಕ್ಕು ತೋರಸ್ತದ" ಎನ್ನುವ ಮಾಲನ್ನು ಕೈಯಿಂದ ಕೂಡ ಮುಟ್ಟಬೇಡಿ. ಇಂಥ ಮೋಸಕ್ಕೆ ಹಳ್ಳಿಯ ಬಡವ ಮಾತ್ರ ಬೀಳುತ್ತಾನೆಂದು ತಿಳಿಯಬೇಡಿ. ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಇಂಥದೇ ಕಡ್ಡಿ ತಿರುಗುವ ಡಬ್ಬಿಯನ್ನು ಬಾಂಬು ಪತ್ತೆ ಮಾಡುವ ಯಂತ್ರವೆಂದು ಇರಾಕ್ ಸರಕಾರಕ್ಕೇ ಮಾರಿದ. ಅದರ ಮೂಲ ಗಾಲ್ಫ್ ಚೆಂಡು ಹುಡುಕಲೆಂದು ಮಾರುತ್ತಿದ್ದ ಒಂದು ಆಟಿಕೆಯಂಥ ಸಾಮಾನು. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. 2013ರಲ್ಲಿ ಕೋರ್ಟು ಅವನಿಗೆ 10 ವರ್ಷ ಜೈಲು ವಿಧಿಸಿತು. ಸರಕಾರವೊಂದನ್ನೇ ಮೋಸ ಮಾಡಿದ ಕಡ್ಡಿಗೆ ನಮ್ಮ ಹುಡುಗರ ಜೇಬು ಯಾವ ಲೆಕ್ಕ? ಅಕ್ಕಿಕಾಳು ಸೆಳೆಯುವ ತಾಮ್ರದ ಚೆಂಬು ಎಂದು ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಮನೆ ಮುಳುಗಿಸಿದವರ ಕಥೆಗಳನ್ನು ನಾವು ಕೇಳಿಲ್ಲವೇ? ಅದೇ ಮಾಲು, ಅಂಗಿ ಮಾತ್ರ ಬೇರೆ.

ನೆಲದಲ್ಲಿ ಏನೂ ಇಲ್ಲ ಎಂದಲ್ಲ

ಇಷ್ಟು ಹೇಳಿದ ಮೇಲೆ ಒಬ್ಬರು ಕೇಳಿಯಾರು: "ಅಲ್ರೀ, ನಮ್ಮ ನೆಲದಾಗ ಏನೂ ಇಲ್ಲಂತೀರೇನು?"

ಇದೆ. ಅದೇ ಸಂಕಟ. ಪಕ್ಕದ ಸೂಡಿಯನ್ನೇ ತೆಗೆದುಕೊಳ್ಳಿ. ಜೋಡು ಕಳಸದ ಗುಡಿ, ನಾಗಕುಂಡ ಇರುವ ಊರು. ಕಲ್ಯಾಣದ ಚಾಲುಕ್ಯರ ಮನೆಯ ಹೆಣ್ಣುಮಗಳು ಅಕ್ಕಾದೇವಿ 11ನೆಯ ಶತಮಾನದಲ್ಲಿ ಆಡಳಿತ ನಡೆಸಿದ ಸೀಮೆ ಇದು. ಆ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಂತೆ ಸೂಡಿಯಲ್ಲಿಯೂ ಟಂಕಸಾಲೆ ಇತ್ತು. ಅಂದರೆ ಬಂಗಾರದ ನಾಣ್ಯ ಅಚ್ಚು ಹಾಕುತ್ತಿದ್ದ ಊರು! ನಮ್ಮ ಗಜೇಂದ್ರಗಡದ ಕೋಟೆ ಘೋರ್ಪಡೆಯವರನ್ನು ಕಂಡಿದೆ. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ. ಇಂಥ ನೆಲದಲ್ಲಿ ಹಳೆಯ ಕಾಲದ ವಸ್ತು ಇಲ್ಲವೆಂದು ಹೇಳುವವನು ಹುಚ್ಚ.

ಆದರೆ ಆ ವಸ್ತುವಿನ ಬೆಲೆ ಎಲ್ಲಿದೆ? ಪತ್ತಾರನ ತಕ್ಕಡಿಯಲ್ಲಿ ಇಟ್ಟರೆ ಒಂದು ಹಳೆಯ ಗದ್ಯಾಣ ಬರೇ ಆರು ಗ್ರಾಂ ಚಿಲ್ಲರೆ ಬಂಗಾರ. ಅದೇ ನಾಣ್ಯ ಯಾವ ಗೋಡೆಯ ಕೆಳಗೆ, ಎಷ್ಟು ಆಳದಲ್ಲಿ, ಯಾವ ಗಡಿಗೆಯ ಚೂರಿನ ಜೊತೆ ಸಿಕ್ಕಿತು ಎಂಬುದು ಗೊತ್ತಿದ್ದರೆ ಅದು ಒಂದು ಸಾಕ್ಷಿ. ಆ ಓಣಿಯಲ್ಲಿ ಯಾರು ಇದ್ದರು, ಯಾವಾಗ ಇದ್ದರು, ಏಕೆ ಬಿಟ್ಟು ಓಡಿದರು ಎಂದು ಹೇಳುವ ಸಾಕ್ಷಿ. ರಾತ್ರಿ ಸಲಿಕೆ ಹಾಕಿ ಕಿತ್ತವನ ಕೈಯಲ್ಲಿ ನಾಣ್ಯ ಉಳಿಯುತ್ತದೆ, ಸಾಕ್ಷಿ ಸತ್ತುಹೋಗುತ್ತದೆ. ಕರಗಿಸಿದ ಮೇಲೆ ನಾಣ್ಯವೂ ಸತ್ತಿತು.

ಬಂಗಾರಕ್ಕಿಂತ ಹೆಚ್ಚಿನದು ಬಂಗಾರ ಹುಡುಕುವವನಿಗೇ ಸಿಕ್ಕ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ ಬಂಗಾರದ ಅದಿರು ಹುಡುಕುತ್ತ ತಿರುಗುವಾಗ ಬಂಡೆಯ ಮೇಲಿನ ಬರಹ ಕಂಡ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದ್ದ ಶಾಸನ ಅದು. ಊರೂರಿನ ಕಲ್ಲುಗಳ ಮೇಲೆ ಬರೆಸಿದ ಆ ರಾಜ ಅಶೋಕನೇ ಎಂಬುದು ಅದರಿಂದ ಗಟ್ಟಿಯಾಯಿತು. ಬೀಡನ್ ಆ ಬಂಡೆ ಒಡೆದು ಕೆಳಗೆ ಏನಿದೆ ನೋಡೋಣ ಅಂದಿದ್ದರೆ? ಇಂದು ಮಸ್ಕಿಯ ಹೆಸರು ಶಾಲೆಯ ಪುಸ್ತಕದಲ್ಲಿ ಇರುತ್ತಿತ್ತೇ?

ಒಡೆದವರ ಕಥೆಯೂ ಇದೆ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಯ ಆಸೆಗೆ ರಾತ್ರೋರಾತ್ರಿ ಕಿತ್ತುಹಾಕಿದರು. ಭಕ್ತರು ಹಗಲಿರುಳು ನಿಂತು ಮತ್ತೆ ಕಟ್ಟಿದರು, ಪೊಲೀಸರು ಆರೋಪಿಗಳನ್ನು ಹಿಡಿದರು. ಅದು ಹೆಸರುವಾಸಿ ಕ್ಷೇತ್ರ, ಆದ್ದರಿಂದ ನಾಡೆಲ್ಲ ಗದ್ದಲವಾಯಿತು. ನಮ್ಮ ಹೊಲಗಳ ನಡುವೆ ಒಂಟಿಯಾಗಿ ನಿಂತ ಹಾಳು ಗುಡಿಯ ಗರ್ಭಗುಡಿ ಅಗೆದರೆ, ನಂದಿಯನ್ನು ಮಗುಚಿ ಹಾಕಿದರೆ, ಯಾರು ಬರುತ್ತಾರೆ ಕಟ್ಟಲು?

ನಿಧಿಯ ಹುಚ್ಚು ಸರಕಾರವನ್ನೂ ಬಿಟ್ಟಿಲ್ಲ. 2013ರ ಅಕ್ಟೋಬರದಲ್ಲಿ ಉತ್ತರ ಪ್ರದೇಶದ ಉನ್ನಾವ ಜಿಲ್ಲೆಯಲ್ಲಿ ಒಬ್ಬ ಸಾಧುವಿಗೆ ಸಾವಿರ ಟನ್ ಬಂಗಾರದ ಕನಸು ಬಿತ್ತು ಎಂದು ಪುರಾತತ್ವ ಇಲಾಖೆಯವರು ಕೋಟೆಯಲ್ಲಿ ಅಗೆಯಲು ನಿಂತರು. ಜಾತ್ರೆಯಂತೆ ಜನ ಸೇರಿದರು. ಸಿಕ್ಕದ್ದು ಗಡಿಗೆ ಚೂರು, ಹಳೆಯ ಗೋಡೆ. ಬಂಗಾರದ ಗುಂಜಿಯೂ ಇಲ್ಲ.

ಕಾಯ್ದೆ ಏನು ಹೇಳುತ್ತದೆ?

"ನನ್ನ ಹೊಲ, ನನ್ನ ಮಷಿನ್, ನನಗ ಸಿಕ್ಕದ್ದು ನಂದು" ಎಂಬ ಮಾತು ಕೇಳಲು ಚಂದ. ಕಾಯ್ದೆಯಲ್ಲಿ ನಿಲ್ಲುವುದಿಲ್ಲ. ಭೂಮಿಯಲ್ಲಿ ಅಡಗಿದ ನಿಧಿಯ ಬಗ್ಗೆ 1878ರಲ್ಲಿ ಬ್ರಿಟಿಷರ ಕಾಯ್ದೆ ಬಂತು. ನಮ್ಮ ರಾಜ್ಯದ್ದೇ ಕಾಯ್ದೆ 1962ರದ್ದು. ಎರಡರ ತಿರುಳೂ ಒಂದೇ. ಸಿಕ್ಕವನು ಮುಚ್ಚಿಡತಕ್ಕದ್ದಲ್ಲ, ಸರಕಾರಕ್ಕೆ ತಿಳಿಸತಕ್ಕದ್ದು. 1958ರ ಸ್ಮಾರಕ ಕಾಯ್ದೆಯ ಪ್ರಕಾರ ಸಂರಕ್ಷಿತ ಜಾಗದಲ್ಲಿ ಪರವಾನಗಿ ಇಲ್ಲದೆ ಅಗೆಯುವಂತಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದು 2010ರ ತಿದ್ದುಪಡಿ ಹೇಳುತ್ತದೆ. 1972ರ ಕಾಯ್ದೆ ನೂರು ವರ್ಷ ದಾಟಿದ ನಾಣ್ಯ, ಮೂರ್ತಿ ಮುಂತಾದವುಗಳನ್ನು ಪುರಾತನ ವಸ್ತು ಎನ್ನುತ್ತದೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸು ಬೇಕು, ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ನಿಧಿಗಾಗಿ ನಡೆಸುವ ವಾಮಾಚಾರ, ಬಲಿಗಳ ಮೇಲೆ ನಮ್ಮ ರಾಜ್ಯದ 2017ರ ಕಾಯ್ದೆಯ ಕಣ್ಣಿದೆ. ಯಂತ್ರ ಅಂಗಡಿಯಲ್ಲಿ ಸಿಗುವ ಸಾಮಾನು ನಿಜ. ಆದರೆ ಅದನ್ನು ಹಿಡಿದು ಕೋಟೆಗೋ ಹಳೆಯ ಗುಡಿಗೋ ಹೋದರೆ ಹವ್ಯಾಸಿಗೂ ಕಳ್ಳನಿಗೂ ಇರುವ ಅಂತರ ಒಂದು ಸಲಿಕೆ ಮಣ್ಣಿನಷ್ಟೇ.

ಇಂಗ್ಲೆಂಡಿನ ಎರಡು ಕಥೆ

"ಇಂಗ್ಲೆಂಡಿನ್ಯಾಗ ಹವ್ಯಾಸಕ್ಕಂತ ಎಲ್ಲಾರೂ ಹುಡುಕ್ತಾರಲ್ಲ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅಲ್ಲಿಯದೇ ಎರಡು ಕಥೆ ಕೇಳಿ.

1992ರ ನವೆಂಬರದಲ್ಲಿ ಹಾಕ್ಸ್‌ನ್ ಎಂಬ ಹಳ್ಳಿಯ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆಯಿತು. ಅವನ ಗೆಳೆಯ ಎರಿಕ್ ಲಾಸ್ ಎಂಬ ನಿವೃತ್ತ ಮಾಲಿ ತನ್ನ ಡಿಟೆಕ್ಟರ್ ತೆಗೆದುಕೊಂಡು ಸುತ್ತಿಗೆ ಹುಡುಕಲು ಹೋದ. ಸಿಕ್ಕದ್ದು ರೋಮನ್ನರ ಕಾಲದ ಬಂಗಾರ, ಬೆಳ್ಳಿ. ಮುಂದೆ ಎಣಿಸಿದಾಗ ನಾಣ್ಯಗಳೇ ಸುಮಾರು 15,000! ಆತ ಮಾಡಿದ ದೊಡ್ಡ ಕೆಲಸವೇನೆಂದರೆ, ಅಗೆಯುವುದನ್ನು ಅಷ್ಟಕ್ಕೇ ನಿಲ್ಲಿಸಿ ಸರಕಾರದವರಿಗೆ ತಿಳಿಸಿದ. ತಿಳಿದವರು ಬಂದು ಹುಷಾರಾಗಿ ತೆಗೆದರು. ಎಲ್ಲವೂ ಒಂದು ಓಕ್ ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಹೂತಿಟ್ಟದ್ದು ಎಂಬುದು ಆದ್ದರಿಂದಲೇ ತಿಳಿಯಿತು. ಅವನಿಗೆ 17.5 ಲಕ್ಷ ಪೌಂಡು ಇನಾಮು ಬಂತು, ಅದನ್ನು ರೈತನ ಜೊತೆ ಹಂಚಿಕೊಂಡ. ಆ ಸುತ್ತಿಗೆಯೂ ಸಿಕ್ಕಿತು. ಅದನ್ನು ಕೂಡ ಬ್ರಿಟಿಷ್ ಮ್ಯೂಸಿಯಮ್ಮಿನವರು ಇಟ್ಟುಕೊಂಡಿದ್ದಾರೆ!

ಎರಡನೆಯ ಕಥೆ. 2015ರಲ್ಲಿ ಹೆರೆಫರ್ಡ್ ಸೀಮೆಯ ಹೊಲವೊಂದರಲ್ಲಿ ಇಬ್ಬರಿಗೆ ಆಲ್ಫ್ರೆಡ್ ರಾಜನ ಕಾಲದ ನಾಣ್ಯ, ಆಭರಣ ಸಿಕ್ಕವು. ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. ಕಾಯ್ದೆಯಂತೆ ತಿಳಿಸಿದ್ದರೆ ಇವರಿಗೂ ಇನಾಮು ಸಿಗುತ್ತಿತ್ತು. ತಿಳಿಸದೆ ಕದ್ದು ಮಾರಲು ಹೋದರು. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲಾಯಿತು. ನಾಣ್ಯಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಕೈಗೆ ಸಿಗದಂತಾಗಿದ್ದವು.

ಇಬ್ಬರ ಕೈಯಲ್ಲಿಯೂ ಯಂತ್ರವಿತ್ತು. ಯಾರ ಯಂತ್ರ ದೊಡ್ಡದು ಎಂದು ಇಂದು ಯಾರೂ ಕೇಳುವುದಿಲ್ಲ. ಅಲ್ಲಿಯೂ ಹೊಲದ ಒಡೆಯನ ಒಪ್ಪಿಗೆ ಬೇಕು, ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಯಂತ್ರ ಬಳಸುವುದೇ ಅಪರಾಧ. ಆದರೆ ಅಲ್ಲಿಯ ಸರಕಾರ ಒಂದು ಶಾಣ್ಯಾತನದ ಕೆಲಸ ಮಾಡಿದೆ. ಸಿಕ್ಕಿದ್ದನ್ನು ತಂದು ತೋರಿಸಲು ಸೀಮೆಗೊಬ್ಬ ಅಧಿಕಾರಿ, ಬರೆದಿಡಲು ದಾಖಲೆ, ನಿಧಿ ತಿಳಿಸಿದವನಿಗೆ ಇನಾಮು. 1997ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 10 ಲಕ್ಷಕ್ಕೂ ಮೀರಿ ವಸ್ತುಗಳು ದಾಖಲಾಗಿವೆ.

ಇಲ್ಲಿ ತಪ್ಪು ಯಾರದು?

ಇನ್ನು ನಮ್ಮ ಕಡೆಗೆ ಬನ್ನಿ. ಮನೆಯ ಪಾಯ ತೋಡುವಾಗ, ಕೃಷಿಹೊಂಡ ಅಗೆಯುವಾಗ, ನೇಗಿಲ ತುದಿಗೆ ಸಿಕ್ಕಿಯೇ ಒಬ್ಬ ಬಡವನಿಗೆ ಒಂದು ಗಡಿಗೆ ಕಂಡಿತೆನ್ನಿ. ಅವನ ತಲೆಯಲ್ಲಿ ಮೊದಲು ಬರುವುದೇನು? "ಹೇಳಿದ್ರ ಪೊಲೀಸರು ಇನ್ನೂ ಎಲ್ಲೈತಿ ತೋರಸು ಅಂತಾರ. ಪಾಯ ಅರ್ಧಕ್ಕ ನಿಲ್ತದ. ಇನಾಮು ಬರೂದು ಯಾವಾಗೋ!" ಈ ಅಂಜಿಕೆಯೇ ಗಡಿಗೆಯನ್ನು ರಾತ್ರಿ ಪತ್ತಾರನ ಕುಲುಮೆಗೆ ಕಳಿಸುತ್ತದೆ. ಅಲ್ಲಿ ಅರ್ಧ ಬೆಲೆಯೂ ಸಿಗುವುದಿಲ್ಲ. ಕದ್ದ ಮಾಲೆಂದು ಗೊತ್ತಾದ ಮೇಲೆ ತಕ್ಕಡಿ ಯಾರ ಕಡೆ ವಾಲುತ್ತದೆಂದು ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಬಡವ ಕೆಟ್ಟ, ಇತಿಹಾಸವೂ ಕೆಟ್ಟಿತು, ನಡುವಿನವ ಮಾತ್ರ ಉದ್ಧಾರ.

1878ರ ಆ ಹಳೆಯ ಕಾಯ್ದೆಯಲ್ಲಿಯೇ ಒಂದು ಮಾತಿತ್ತು. ವಾರಸುದಾರರಿಲ್ಲದ ನಿಧಿಯನ್ನು ಹಂಚುವಾಗ ಬೇರೆ ಕರಾರು ಇಲ್ಲದಿದ್ದರೆ ಸಿಕ್ಕವನಿಗೆ ಮುಕ್ಕಾಲು ಪಾಲು, ಜಾಗದ ಒಡೆಯನಿಗೆ ಕಾಲು ಪಾಲು. ಸರಕಾರಕ್ಕೆ ಬೇಕಾದರೆ ಬೆಲೆಯ ಮೇಲೆ ಐದನೇ ಒಂದು ಭಾಗ ಹೆಚ್ಚು ಕೊಟ್ಟು ಕೊಳ್ಳಬಹುದಿತ್ತು. ಪರದೇಶಿ ಸರಕಾರಕ್ಕೂ ಗೊತ್ತಿತ್ತು, ಆಸೆ ತೋರಿಸದೆ ಪ್ರಾಮಾಣಿಕತೆ ಹುಟ್ಟುವುದಿಲ್ಲ ಎಂದು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಒಂದು: ಗಜೇಂದ್ರಗಡ ಈಗ ತಾಲೂಕು. ಇಲ್ಲಿಯ ತಹಶೀಲ್ದಾರ ಕಚೇರಿಯಲ್ಲಿ ಒಂದು ವಹಿ ಇರಲಿ. ಹಳೆಯ ವಸ್ತು ಸಿಕ್ಕಿತೆಂದು ತಿಳಿಸಿದವನಿಗೆ ತೂಕ, ಫೋಟೋ ಸಮೇತ ಅದೇ ದಿನ ರಸೀತಿ ಸಿಗಲಿ. ಎರಡು: ಇನಾಮಿಗೆ ಗಡುವು ಗೊತ್ತುಮಾಡಲಿ, ಆ ಗಡುವನ್ನು ಕಚೇರಿಯ ಗೋಡೆಯ ಮೇಲೆ ಬರೆಯಿಸಲಿ. ಮೂರು: ಸಿಕ್ಕ ವಸ್ತು ದೂರದ ಊರಿನ ಉಗ್ರಾಣ ಸೇರದೆ ನಮ್ಮ ಜಿಲ್ಲೆಯಲ್ಲಿಯೇ ಜನ ನೋಡುವಂತೆ ಇರಲಿ. ಲಕ್ಕುಂಡಿಯಲ್ಲಿ ಶಿಲ್ಪಗಳ ವಸ್ತುಸಂಗ್ರಹಾಲಯವಿದೆ. ಸೂಡಿಯ ಮಕ್ಕಳಿಗೆ ಸೂಡಿಯ ನಾಣ್ಯ ನೋಡುವ ಹಕ್ಕಿಲ್ಲವೇ? ನಾಲ್ಕು: ಕೋಟೆಗೆ, ಹೊಲದ ನಡುವಿನ ಹಾಳು ಗುಡಿಗಳಿಗೆ ರಾತ್ರಿ ಗಸ್ತು ಇರಲಿ. ಗಸ್ತು ಆಗದಿದ್ದರೆ ಪಂಚಾಯಿತಿಯವರು ಒಂದು ದೀಪವನ್ನಾದರೂ ಹಾಕಿಸಲಿ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ಹಳೆಯ ನಾಣ್ಯ, ಮುರಿದ ಮೂರ್ತಿ, ತಾಮ್ರದ ಹಾಳೆ ಅಂಗಡಿಗೆ ಬಂದರೆ ತಕ್ಕಡಿಗೆ ಹಾಕುವ ಮೊದಲು ಎಲ್ಲಿಯದೆಂದು ಕೇಳಿ. ನೀವು ಕೊಳ್ಳದಿದ್ದರೆ ಅಗೆಯುವವನ ಉಮೇದು ಅರ್ಧ ಇಳಿಯುತ್ತದೆ. ಸೂಡಿಗೆ, ಕಾಲಕಾಲೇಶ್ವರಕ್ಕೆ ಬರುವ ಯಾತ್ರಿಕ ನಿಮ್ಮಲ್ಲಿ ಚಹಾ ಕುಡಿಯುತ್ತಾನೆ, ಊಟ ಮಾಡುತ್ತಾನೆ, ಮನೆಯವಳಿಗೆ ಒಂದು ಕೈಮಗ್ಗದ ಸೀರೆ ಒಯ್ಯುತ್ತಾನೆ. ಗುಡಿ ನಿಂತಿರುವ ತನಕ ಆ ವ್ಯಾಪಾರ ಇದೆ. ಗುಡಿ ಕೆಡವಿದವನು ಒಮ್ಮೆ ಮಾರಿ ಊರು ಬಿಡುತ್ತಾನೆ.

ಇನ್ನು ಹೊಸ ಯಂತ್ರ ಕೊಳ್ಳಬೇಕೆಂದು ರೊಕ್ಕ ಕೂಡಿಸುತ್ತಿರುವ ತಮ್ಮಂದಿರಿಗೆ ನಾವು ಹೇಳುವುದು ಇಷ್ಟೇ. ಉಂಗುರ ಕಳೆದಿದ್ದರೆ ಹಳೆಯ ಯಂತ್ರವೇ ಸಾಕು, ಹುಡುಕಿಕೊಳ್ಳಿ. ನಿಧಿ ಬೇಕೆಂದರೆ ಒಂದು ದಿನ ಸೂಡಿಯ ಬಸ್ಸು ಹತ್ತಿ ಇಳಿದು, ನಾಗಕುಂಡದ ಮೆಟ್ಟಿಲ ಮೇಲೆ ಒಂದು ತಾಸು ಕುಳಿತು ನೋಡಿ. ಸಾವಿರ ವರ್ಷದಿಂದ ಯಾರೂ ಹೊತ್ತೊಯ್ಯಲಾಗದೆ ಉಳಿದದ್ದು ಅಲ್ಲಿ ಕಣ್ಣೆದುರಿಗೇ ಇದೆ, ಬ್ಯಾಟರಿಯೂ ಬೇಡ. ಅದನ್ನು ಉಳಿಸುವ ಹೊಣೆ ತಹಶೀಲ್ದಾರರ ವಹಿಯಿಂದ ಆರಂಭವಾಗಲಿ. ಆ ವಹಿಯನ್ನು ಯಾವಾಗ ತೆರೆಯುತ್ತೀರಿ ಎಂದು ಕೇಳುವುದನ್ನು ಮಾತ್ರ ಈ ಅಂಕಣ ಬಿಡುವುದಿಲ್ಲ.